ಹಳೆ ಫರ್ನಿಚರ್ ಕೊಳ್ಳುವ ಮುನ್ನ: ಆಂಟಿಕ್, ವಿಂಟೇಜ್ ಸಾಮಾನು ನಿಮ್ಮ ಮನೆಗೆ ಹೊಂದುವಂತೆ ಆರಿಸುವುದು ಹೇಗೆ

ನಾನು ಕೊಂಡ ಮೊದಲ ಹಳೆ ಬೀರು ನನ್ನ ಮನೆಯೊಳಗೆ ಬರಲೇ ಇಲ್ಲ. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ನಾಲ್ಕು ಜನ ಸೇರಿ ಅಡ್ಡ ಮಾಡಿದರು, ಓರೆ ಮಾಡಿದರು, ಬಾಗಿಲು ಕಳಚಿದರು. ಗೋಡೆಯ ಸುಣ್ಣ ಉದುರಿತೇ ಹೊರತು ಬೀರು ಜಗ್ಗಲಿಲ್ಲ. ಸಂಜೆಯ ಹೊತ್ತಿಗೆ ಅದು ಬಂದ ದಾರಿಯಲ್ಲೇ ವಾಪಸ್ ಹೋಯಿತು. ಮಾರಿದವರು ಅರ್ಧ ದುಡ್ಡು ಮಾತ್ರ ಕೊಟ್ಟರು. ಅವರನ್ನು ಬೈದು ಏನು ಪ್ರಯೋಜನ? ಬೀರುವಿನ ಕೆತ್ತನೆ ನೋಡಿದ್ದೆ, ಮರ ಸವರಿ ನೋಡಿದ್ದೆ, ಎಷ್ಟು ವರ್ಷ ಹಳೆಯದು ಅಂತ ಮೂರು ಸಲ ಕೇಳಿದ್ದೆ. ನನ್ನ ಮೆಟ್ಟಿಲು ಎಷ್ಟು ಅಗಲ ಅಂತ ಮಾತ್ರ ಅಳೆದಿರಲಿಲ್ಲ.

ಹಳೆ ಫರ್ನಿಚರ್ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಇದೇ. ವಯಸ್ಸು ಕೇಳುತ್ತೇವೆ, ಅಳತೆ ಕೇಳುವುದಿಲ್ಲ. ಚಂದ ನೋಡುತ್ತೇವೆ, ಗಟ್ಟಿತನ ನೋಡುವುದಿಲ್ಲ. ಹಾಗಾಗಿ ಈ ಮಾರ್ಗದರ್ಶಿ ಅಂಗಡಿಯಿಂದ ಶುರುವಾಗುವುದಿಲ್ಲ, ನಿಮ್ಮ ಮನೆಯಿಂದ ಶುರುವಾಗುತ್ತದೆ.

ಹಂತ 1: ಹೆಸರುಗಳ ಗೊಂದಲ ಬಗೆಹರಿಸಿಕೊಳ್ಳಿ

ಆಂಟಿಕ್ ಅಂದರೆ ಸಾಮಾನ್ಯವಾಗಿ 100 ವರ್ಷ ದಾಟಿದ್ದು. ದೇಶದೇಶಗಳ ನಡುವೆ ಸರಕು ಸಾಗಿಸುವಾಗ ಬಳಸುವ ಕಸ್ಟಮ್ಸ್ ಪಟ್ಟಿಯಲ್ಲೂ 100 ವರ್ಷ ಮೀರಿದ ಹಳೆ ವಸ್ತುಗಳಿಗೆ 9706 ಅನ್ನುವ ಬೇರೆಯೇ ಸಂಖ್ಯೆ ಇದೆ. ವಿಂಟೇಜ್‌ಗೆ ಅಂಥ ಗಟ್ಟಿ ಗೆರೆ ಇಲ್ಲ. 20 ವರ್ಷ ಸಾಕು ಅನ್ನುವವರಿದ್ದಾರೆ, 40 ಆಗಲೇಬೇಕು ಅನ್ನುವವರೂ ಇದ್ದಾರೆ. ಯಾವುದೋ ಒಂದು ಕಾಲದ ಗುರುತು ಅದರ ಮೇಲಿದ್ದು, ಇನ್ನೂ 100 ತುಂಬಿಲ್ಲದ್ದು ಅಂತ ಇಟ್ಟುಕೊಂಡರೆ ಸಾಕು.

ಎಚ್ಚರ ಬೇಕಾದದ್ದು ಮೂರನೇ ಗುಂಪಿನ ಬಗ್ಗೆ. 'ಆಂಟಿಕ್ ಫಿನಿಶ್', 'ಆಂಟಿಕ್ ಸ್ಟೈಲ್', 'ರೆಟ್ರೊ' ಅಂದರೆ ಹೊಸದು ಅಂತಲೇ ಅರ್ಥ. ಅದರಲ್ಲಿ ತಪ್ಪೇನಿಲ್ಲ. ಹೊಸದರ ಬೆಲೆಗೆ ಸಿಕ್ಕರೆ ಖುಷಿಯಾಗಿ ಕೊಳ್ಳಿ. ಹಳೆಯದರ ಬೆಲೆ ಹೇಳಿದರೆ ಮಾತ್ರ ಮುಂದಿನ ಹಂತಗಳು ಕೆಲಸಕ್ಕೆ ಬರುತ್ತವೆ.

ಹಂತ 2: ಮನೆ ಅಳೆಯಿರಿ, ಆಮೇಲೆ ದಾರಿ ಅಳೆಯಿರಿ

ಟೇಪು ಹಿಡಿದುಕೊಂಡು ಅರ್ಧ ಗಂಟೆ ಕಳೆಯಿರಿ. ಸಾಮಾನು ಇಡುವ ಜಾಗದ ಉದ್ದ, ಅಗಲ, ಎತ್ತರ ಮೂರನ್ನೂ ಬರೆದುಕೊಳ್ಳಿ. ಕಿಟಕಿಯ ಕೆಳಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ, ಸ್ವಿಚ್ ಬೋರ್ಡ್ ಎಲ್ಲಿದೆ, ಬಾಗಿಲು ಯಾವ ಕಡೆ ತೆರೆಯುತ್ತದೆ, ಅದನ್ನೂ ಬರೆಯಿರಿ. ಜನ ಓಡಾಡುವ ದಾರಿಗೆ 75ರಿಂದ 90 ಸೆಂಟಿಮೀಟರ್ ಬಿಡಬೇಕು. ಊಟದ ಮೇಜಾದರೆ ಕುರ್ಚಿ ಹಿಂದಕ್ಕೆ ಎಳೆದು ಏಳಲು ಸುತ್ತಲೂ ಇನ್ನೊಂದು 75 ಸೆಂಟಿಮೀಟರ್ ಆದರೂ ಬೇಕು. ಡ್ರಾಯರ್ ಇರುವ ಸಾಮಾನಾದರೆ ಅದು ಪೂರ್ತಿ ಹೊರಗೆ ಬಂದಾಗ ಎಷ್ಟು ಜಾಗ ತಿನ್ನುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಂಕಿಗಳು ಕಣ್ಣಿಗೆ ಕಟ್ಟುವುದಿಲ್ಲ ಅನ್ನಿಸಿದರೆ ಹಳೆ ಪೇಪರ್ ತೆಗೆದುಕೊಂಡು ಆ ಅಳತೆಗೆ ಅಂಟಿಸಿ ನೆಲದ ಮೇಲೆ ಹಾಸಿ. ಎರಡು ದಿನ ಅದನ್ನು ತುಳಿಯದೆ ಓಡಾಡಿ ನೋಡಿ. ಪದೇ ಪದೇ ಪೇಪರ್ ಮೇಲೆ ಕಾಲು ಬೀಳುತ್ತಿದ್ದರೆ ಆ ಜಾಗಕ್ಕೆ ಅಷ್ಟು ದೊಡ್ಡದು ಬೇಡ. ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಇನ್ನೂ ಸಿಕ್ಕಿಲ್ಲ.

ಇನ್ನು ದಾರಿ. ಗೇಟು, ಮುಂಬಾಗಿಲು, ಲಿಫ್ಟಿನ ಒಳಗು, ಮೆಟ್ಟಿಲ ತಿರುವು, ಕೋಣೆಯ ಬಾಗಿಲು, ಎಲ್ಲವನ್ನೂ ಅಳೆಯಿರಿ. ಬಾಗಿಲ ಅಗಲ ಅಂದರೆ ಚೌಕಟ್ಟಿನ ಅಗಲ ಅಲ್ಲ, ಬಾಗಿಲು ತೆರೆದಾಗ ನಿಜವಾಗಿ ಉಳಿಯುವ ಸಂದು. ಈ ಎಲ್ಲದರಲ್ಲಿ ಕಡಿಮೆ ಇರುವ ಅಂಕಿಯೇ ನಿಮ್ಮ ಮಿತಿ.

ಎತ್ತರದ ಬೀರುವಿಗೆ ಇನ್ನೊಂದು ಲೆಕ್ಕ ಇದೆ. ಮಲಗಿಸಿ ಒಳಗೆ ತಂದದ್ದನ್ನು ಎತ್ತಿ ನಿಲ್ಲಿಸುವಾಗ ಅದರ ಮೂಲೆ ಬೀರುವಿನ ಎತ್ತರಕ್ಕಿಂತ ಮೇಲೆ ಹೋಗಿ ಇಳಿಯುತ್ತದೆ. 210 ಸೆಂಟಿಮೀಟರ್ ಎತ್ತರ, 60 ಸೆಂಟಿಮೀಟರ್ ಆಳದ ಬೀರುವಿನ ಪಕ್ಕದ ಹಲಗೆಯನ್ನು ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 218 ಸೆಂಟಿಮೀಟರ್ ಬರುತ್ತದೆ. ಸೂರು 215 ಇದ್ದರೆ ಬೀರು ಕೋಣೆಯಲ್ಲಿ ನಿಲ್ಲುವಷ್ಟು ಜಾಗ ಇದೆ, ಆದರೆ ಎತ್ತಿ ನಿಲ್ಲಿಸಲು ಆಗುವುದಿಲ್ಲ! ಒಂದು ಸಮಾಧಾನ ಏನೆಂದರೆ ಹಳೆಯ ಕಾಲದ ದೊಡ್ಡ ಬೀರುಗಳಲ್ಲಿ ಎಷ್ಟೋ ಬಿಡಿಬಿಡಿಯಾಗಿ ಕಳಚುವಂಥವು. ಒಳಗಿನ ಮೂಲೆಗಳಲ್ಲಿ ಮರದ ಬೆಣೆ ಅಥವಾ ದಪ್ಪ ಬೋಲ್ಟು ಕಂಡರೆ, ಇದನ್ನು ಬಿಚ್ಚಬಹುದಾ ಅಂತ ಕೇಳಿ.

ಹಂತ 3: ಅದಕ್ಕೊಂದು ಕೆಲಸ ಕೊಡಿ

'ಚೆನ್ನಾಗಿದೆ, ಎಲ್ಲಾದರೂ ಇಡೋಣ' ಅಂತ ಕೊಂಡದ್ದು ಕೊನೆಗೆ ಒಗೆದ ಬಟ್ಟೆ ಹೇರುವ ಜಾಗ ಆಗುತ್ತದೆ. ಕೊಳ್ಳುವ ಮುನ್ನವೇ ಅದು ಮನೆಯಲ್ಲಿ ಏನು ಮಾಡುತ್ತದೆ ಅನ್ನುವುದು ಗೊತ್ತಿರಲಿ. ಮೊದಲಿನ ಕೆಲಸವನ್ನೇ ಮಾಡಬೇಕು ಅಂತೇನಿಲ್ಲ. ಬಟ್ಟೆಯ ಪೆಟ್ಟಿಗೆ ಟೀಪಾಯಿ ಆಗಬಹುದು. ಕನ್ನಡಿ ಮೇಜು ಬರೆಯುವ ಮೇಜಾಗಬಹುದು. ಉದ್ದದ ಡ್ರಾಯರ್ ಪೆಟ್ಟಿಗೆಯ ಮೇಲೆ ಟಿವಿ ಕೂರಬಹುದು.

ಆದರೆ ದೇಹದ ಅಳತೆ ಮರೆಯಬೇಡಿ. ಇವತ್ತಿನ ಊಟದ ಮೇಜು 74ರಿಂದ 76 ಸೆಂಟಿಮೀಟರ್ ಎತ್ತರ ಇರುತ್ತದೆ, ಕುರ್ಚಿಯ ಆಸನ 43ರಿಂದ 46. ಎರಡರ ನಡುವೆ 30 ಸೆಂಟಿಮೀಟರ್ ಆಸುಪಾಸು ಇದ್ದರೆ ಕೂತು ಉಣ್ಣಲು ಹಿತ. ಹಳೆಯವು ಈ ಲೆಕ್ಕಕ್ಕೆ ಸರಿಯಾಗಿ ಬರುವುದಿಲ್ಲ. ಕಾಲಿನ ತುದಿ ಕೊಳೆತು ಯಾರೋ ಯಾವಾಗಲೋ ಒಂದೆರಡು ಇಂಚು ಕತ್ತರಿಸಿರುತ್ತಾರೆ. ಮೇಜಿನ ಹಲಗೆಯ ಕೆಳಗಿನ ಪಟ್ಟಿ ತೀರಾ ಅಗಲವಿದ್ದು ತೊಡೆಗೆ ತಾಗುವುದೂ ಉಂಟು. ಆದ್ದರಿಂದ ನಾಚಿಕೆ ಬಿಟ್ಟು ಅಲ್ಲೇ ಕೂತು ನೋಡಿ. ಎರಡು ನಿಮಿಷ ಸಾಲದು, ಹತ್ತು ನಿಮಿಷ ಕೂರಿ. ಬರೆಯುವವರ ಹಾಗೆ ಮೊಣಕೈ ಊರಿ. ಮಂಚವಾದರೆ ಒಳ ಅಳತೆ ತೆಗೆದುಕೊಳ್ಳಿ, ಯಾಕೆಂದರೆ ಈಗಿನ ಹಾಸಿಗೆಯ ಅಳತೆಗೆ ಹಳೆ ಮಂಚ ಕೂರುವುದು ಅಪರೂಪ. ಹಾಸಿಗೆಯನ್ನು ಬೇರೆ ಹೊಲಿಸಬೇಕಾಗುತ್ತದೆ. ಹಳೆ ಬೀರುವಿನ ಆಳವನ್ನೂ ನೋಡಿ. ಹ್ಯಾಂಗರ್ ಅಡ್ಡಡ್ಡ ನೇತುಹಾಕಲು ಒಳಗೆ 55 ಸೆಂಟಿಮೀಟರ್ ಆದರೂ ಬೇಕು. ಮಡಿಸಿಡುವ ಬಟ್ಟೆಗೆ ಮಾಡಿದ ಬೀರುಗಳಲ್ಲಿ ಅಷ್ಟು ಇರುವುದಿಲ್ಲ.

ಹಂತ 4: ಹುಡುಕುವ ಜಾಗ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಂಟಿಕ್ ಅಂಗಡಿಯಲ್ಲಿ ಬೆಲೆ ಜಾಸ್ತಿ, ಆದರೆ ಪ್ರಶ್ನೆ ಕೇಳಬಹುದು, ರಸೀದಿ ಸಿಗುತ್ತದೆ. ಹರಾಜಿನಲ್ಲಿ ಅಗ್ಗಕ್ಕೆ ಸಿಗಬಹುದು, ಆದರೆ ಬಿಡ್ ಕೂಗಿದ ಮೇಲೆ ಹಿಂದಕ್ಕೆ ಹೋಗಲು ಆಗುವುದಿಲ್ಲ, ಮೇಲೆ ಕಮಿಷನ್ ಬೇರೆ. ಮನೆ ಖಾಲಿ ಮಾಡುವವರ ಹತ್ತಿರ, ಹಳೆ ಸಾಮಾನಿನ ಸಂತೆಯಲ್ಲಿ ಕೆಲವೊಮ್ಮೆ ಚಿನ್ನವೇ ಸಿಗುತ್ತದೆ. ಆನ್‌ಲೈನ್‌ನಲ್ಲಿ ಫೋಟೊ ನೋಡಿ ಕೊಳ್ಳುವುದಾದರೆ ಬೆನ್ನು, ತಳ, ಡ್ರಾಯರಿನ ಪಕ್ಕ, ಈ ಮೂರರ ಫೋಟೊ ಕೇಳಿ. ಕಳಿಸಲು ಹಿಂಜರಿದರೆ ಸುಮ್ನೆ ಬಿಟ್ಟುಬಿಡಿ. ನನ್ನ ಮಟ್ಟಿಗೆ ಮುಟ್ಟಿ ನೋಡದೆ ಕುರ್ಚಿ ಕೊಳ್ಳುವುದಿಲ್ಲ.

ಹೋಗುವಾಗ ಕೈಯಲ್ಲಿ ಟೇಪು, ಟಾರ್ಚು, ಸಣ್ಣದೊಂದು ಅಯಸ್ಕಾಂತ, ನಿಮ್ಮ ಅಳತೆಯ ಚೀಟಿ ಇರಲಿ. ಕೊಳೆಯಾದರೂ ಪರವಾಗಿಲ್ಲ ಅನ್ನುವ ಬಟ್ಟೆ ಹಾಕಿಕೊಳ್ಳಿ, ಯಾಕೆಂದರೆ ನೆಲದ ಮೇಲೆ ಮಲಗಬೇಕಾಗುತ್ತದೆ.

ಹಂತ 5: ಮುಂದೆ ನೋಡಬೇಡಿ, ಹಿಂದೆ ನೋಡಿ

ಮುಖಕ್ಕೆ ಪಾಲಿಶ್ ಬಳಿಯುವುದು ಸುಲಭ. ಬೆನ್ನಿಗೆ, ತಳಕ್ಕೆ ಯಾರೂ ಅಷ್ಟು ಕಷ್ಟಪಡುವುದಿಲ್ಲ. ಸಾಮಾನಿನ ನಿಜವಾದ ಜಾತಕ ಇರುವುದು ಅಲ್ಲೇ.

ಮೊದಲು ಡ್ರಾಯರನ್ನು ಪೂರ್ತಿ ಹೊರಗೆ ತೆಗೆಯಿರಿ. ಮುಂಭಾಗದ ಹಲಗೆ ಪಕ್ಕದ ಹಲಗೆಗೆ ಸೇರುವ ಕಡೆ ಪಾರಿವಾಳದ ಬಾಲದ ಆಕಾರದ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಇದಕ್ಕೆ ಡವ್‌ಟೇಲ್ ಅನ್ನುತ್ತಾರೆ. ಹಲ್ಲುಗಳು ಕಡಿಮೆ ಇದ್ದು, ಒಂದು ದಪ್ಪ ಒಂದು ಸಣ್ಣ ಅನ್ನುವ ಹಾಗೆ ಇದ್ದರೆ, ಅಂಚಿನಲ್ಲಿ ಬಡಗಿ ಗೀರಿಕೊಂಡ ಗುರುತಿನ ಗೆರೆ ಕಂಡರೆ, ಅದು ಕೈಯಲ್ಲಿ ಕತ್ತರಿಸಿದ್ದು. ಎಲ್ಲ ಹಲ್ಲೂ ಅಚ್ಚು ಹಾಕಿದ ಹಾಗೆ ಒಂದೇ ಅಳತೆ ಇದ್ದರೆ ಯಂತ್ರದ ಕೆಲಸ. ಅದು 19ನೇ ಶತಮಾನದ ಕೊನೆಯ ದಶಕಗಳಿಂದ ಈಚೆಗೆ ಹರಡಿದ್ದು. ಹಲ್ಲಿನ ಬದಲು ಅರ್ಧಚಂದ್ರ, ಅದರ ನಡುವೆ ಒಂದು ದುಂಡು ಗೂಟ ಕಂಡರೆ ನಿಮ್ಮ ಅದೃಷ್ಟ. ಅದು ನ್ಯಾಪ್ ಜಾಯಿಂಟ್. ಅಮೆರಿಕದಲ್ಲಿ ಸುಮಾರು 1870ರಿಂದ 1900ರವರೆಗೆ ಮಾತ್ರ ಬಳಕೆಯಲ್ಲಿತ್ತು. ಹೀಗೆ ತನ್ನ ಹುಟ್ಟಿದ ಕಾಲವನ್ನು ತಾನೇ ಹೇಳುವ ಜೋಡಣೆ ಕಡಿಮೆ. ಬರೀ ಅಂಟು, ಮೊಳೆ, ಸ್ಟೇಪಲ್ ಪಿನ್ನು ಇದ್ದರೆ? ವಯಸ್ಸು ಎಷ್ಟೇ ಇರಲಿ, ಆ ಡ್ರಾಯರ್ ಬಹಳ ದಿನ ಬಾಳುವುದಿಲ್ಲ.

ಆಮೇಲೆ ಗರಗಸದ ಗುರುತು. ಪಾಲಿಶ್ ಮಾಡದ ಹಲಗೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಬಿಲ್ಲಿನಂತೆ ಬಾಗಿದ ಗೀರುಗಳು ಕಂಡರೆ ಅದು ತಿರುಗುವ ಗರಗಸದಿಂದ ಸೀಳಿದ ಹಲಗೆ. ಇಂಥ ಗರಗಸ ಮರದ ಕೆಲಸದಲ್ಲಿ ವ್ಯಾಪಕವಾದದ್ದು 19ನೇ ಶತಮಾನದಲ್ಲಿ. '1700ರ ಬೀರು' ಅಂತ ಹೇಳುತ್ತಿರುವವರಿಗೆ ಈ ಗೀರುಗಳನ್ನು ತೋರಿಸಿ ಸುಮ್ಮನೆ ನಗಬಹುದು.

ಸ್ಕ್ರೂ ಮತ್ತು ಮೊಳೆಗಳೂ ಮಾತಾಡುತ್ತವೆ. 19ನೇ ಶತಮಾನದ ನಡುಭಾಗಕ್ಕಿಂತ ಹಿಂದಿನ ಸ್ಕ್ರೂಗಳ ತುದಿ ಮೊಂಡು, ತಲೆಯ ಮೇಲಿನ ಗೀಟು ನಡುವಿನಿಂದ ಸ್ವಲ್ಪ ಸರಿದಿರುತ್ತದೆ. ಪ್ಲಸ್ ಆಕಾರದ ಫಿಲಿಪ್ಸ್ ಸ್ಕ್ರೂ 1930ರ ದಶಕದ್ದು. ಅದು ಕಂಡ ಮಾತ್ರಕ್ಕೆ ಸಾಮಾನು ನಕಲಿ ಅಂತಲ್ಲ, ಯಾರೋ ರಿಪೇರಿ ಮಾಡಿರಬಹುದು. ಆದರೆ ಎಲ್ಲ ಕಡೆಯೂ ಅದೇ ಇದ್ದರೆ 'ನೂರೈವತ್ತು ವರ್ಷದ್ದು' ಅನ್ನುವ ಮಾತನ್ನು ನಂಬಬೇಡಿ. ಮೊಳೆಯ ವಿಷಯವೂ ಹೀಗೆಯೇ. ಚೌಕ ತಲೆಯ, ಚಪ್ಪಟೆ ಮೈಯ ಮೊಳೆ ಹಳೆಯದು. ಈಗ ನಾವು ಬಳಸುವ ದುಂಡು ತಂತಿ ಮೊಳೆ ವ್ಯಾಪಕವಾದದ್ದು 19ನೇ ಶತಮಾನದ ಕೊನೆಗೆ.

ನನಗೆ ಇಷ್ಟವಾದ ಪರೀಕ್ಷೆ ದುಂಡು ಮೇಜಿನದ್ದು. ಮರ ಒಣಗುತ್ತಾ ಹೋದಂತೆ ಎಳೆಗಳಿಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹಾಗಾಗಿ ಅಖಂಡ ಮರದ ನಿಜವಾದ ಹಳೆ ದುಂಡು ಮೇಜು ದುಂಡಗೆ ಉಳಿದಿರುವುದಿಲ್ಲ. ಎಳೆಯ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಅಳೆಯಿರಿ. ಮೀಟರ್ ಅಗಲದ ಮೇಜಿನಲ್ಲಿ ಅರ್ಧದಿಂದ ಒಂದು ಸೆಂಟಿಮೀಟರಿನ ವ್ಯತ್ಯಾಸ ಕಾಣಬಹುದು. ಪಾಲಿಶ್ ಬಳಿದು ಯಾರನ್ನಾದರೂ ಏಮಾರಿಸಬಹುದು, ಟೇಪನ್ನು ಏಮಾರಿಸುವುದು ಕಷ್ಟ. ಪ್ಲೈವುಡ್ ಮೇಲೆ ವೆನೀರ್ ಅಂಟಿಸಿದ ಮೇಜಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ವೆನೀರ್ ಅಂದಾಕ್ಷಣ ಮೂಗು ಮುರಿಯಬೇಡಿ. ತೆಳುವಾದ ಒಳ್ಳೆಯ ಮರದ ಹಾಳೆಯನ್ನು ಸಾದಾ ಮರದ ಮೇಲೆ ಅಂಟಿಸುವುದು ಬಹಳ ಹಳೆಯ ಕಲೆ. ಕೈಗರಗಸದಿಂದ ಸೀಳಿದ ಹಳೆಯ ವೆನೀರ್ ಒಂದರಿಂದ ಮೂರು ಮಿಲಿಮೀಟರ್ ದಪ್ಪ ಇರುತ್ತಿತ್ತು. ಈಗಿನದು ಒಂದು ಮಿಲಿಮೀಟರಿಗಿಂತ ಎಷ್ಟೋ ತೆಳು. ಅಂಚು ಎದ್ದಿರುವ ಕಡೆ ದಪ್ಪ ನೋಡಿದರೆ ಗೊತ್ತಾಗುತ್ತದೆ. ಒಳಗಿರುವುದು ಮರದ ಪುಡಿ ಒತ್ತಿ ಮಾಡಿದ ಹಲಗೆಯಾದರೆ ಅದು ಎರಡನೇ ಮಹಾಯುದ್ಧದ ನಂತರ ಹರಡಿದ ಸರಕು. ನೀರು ತಾಗಿದರೆ ಉಬ್ಬುತ್ತದೆ, ಒಮ್ಮೆ ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ.

ಹಿಡಿಗಳ ಹಿಂಬದಿ ನೋಡಿ. ಡ್ರಾಯರಿನ ಒಳಗಿನಿಂದ ನೋಡಿದರೆ ಬೇಕಿಲ್ಲದ ತೂತುಗಳು, ಮುಚ್ಚಿದ ತೂತುಗಳು ಕಾಣಬಹುದು. ಅಂದರೆ ಹಿಡಿ ಬದಲಾಗಿದೆ. ಅದು ದೊಡ್ಡ ಅಪರಾಧವೇನಲ್ಲ. ಹಿತ್ತಾಳೆಯೋ ಅಲ್ಲವೋ ಅನ್ನುವ ಅನುಮಾನ ಬಂದರೆ ಅಯಸ್ಕಾಂತ ತಾಗಿಸಿ. ಅಂಟಿಕೊಂಡರೆ ಕಬ್ಬಿಣದ ಮೇಲೆ ಹಿತ್ತಾಳೆಯ ಲೇಪ.

ಎರಡು ಭಾಗದ ಕಪಾಟು, ಅಂದರೆ ಕೆಳಗೆ ಡ್ರಾಯರ್, ಮೇಲೆ ಗಾಜಿನ ಬಾಗಿಲು ಇರುವಂಥದ್ದನ್ನು ಇನ್ನಷ್ಟು ಗಮನಿಸಿ. ಬೇರೆ ಬೇರೆ ಕಡೆಯ ಎರಡು ಅರ್ಧಗಳನ್ನು ಜೋಡಿಸಿ ಮಾರುವುದುಂಟು. ಹಳೆ ಸಾಮಾನಿನ ವ್ಯಾಪಾರದಲ್ಲಿ ಇಂಥದ್ದನ್ನು ಇಂಗ್ಲಿಷಿನಲ್ಲಿ 'ಮ್ಯಾರೇಜ್' ಅಂತಲೇ ಕರೆಯುತ್ತಾರೆ! ಬೆನ್ನಿನ ಹಲಗೆಗಳ ಬಣ್ಣ, ಅಗಲ, ಮರದ ಎಳೆ ಎರಡೂ ಕಡೆ ಒಂದೇ ಥರ ಇದೆಯಾ ನೋಡಿ. ಜೋಡಿ ಚೆನ್ನಾಗಿ ಹೊಂದಿದ್ದರೆ ಮನೆಗೆ ತರಲು ಅಡ್ಡಿಯಿಲ್ಲ. ಒಂದೇ ವಂಶದ್ದರ ಬೆಲೆ ಮಾತ್ರ ಕೊಡಬೇಡಿ.

ಪಾಲಿಶ್ ಯಾವುದು ಅನ್ನುವುದನ್ನು ತಿಳಿಯಲು, ಮಾರುವವರು ಒಪ್ಪಿದರೆ, ಕಾಣದ ಮೂಲೆಯಲ್ಲಿ ಹತ್ತಿಗೆ ಒಂದು ತೊಟ್ಟು ಸ್ಪಿರಿಟ್ ಹಾಕಿ ಒತ್ತಿ ನೋಡಿ. ಜಿಗುಟಾದರೆ ಅರಗಿನ ಪಾಲಿಶ್, ಅಂದರೆ ಶೆಲಾಕ್. ಅದು ಹಳೆಯ ಪದ್ಧತಿ. ನೇರಳಾತೀತ ಟಾರ್ಚ್ ಇದ್ದರೆ ಇನ್ನೂ ಮಜಾ, ಅರಗು ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ನೈಟ್ರೊಸೆಲ್ಯುಲೋಸ್ ಲ್ಯಾಕರ್ ಅನ್ನುವ ರಾಸಾಯನಿಕ ಪಾಲಿಶ್ ಬಂದದ್ದು 1920ರ ದಶಕದಲ್ಲಿ, ಪಾಲಿಯುರೇಥೇನ್ ಅನ್ನುವ ಪ್ಲಾಸ್ಟಿಕ್‌ನಂಥ ಲೇಪ ಇನ್ನೂ ಈಚೆಗೆ. ಈ ಪರೀಕ್ಷೆಯಿಂದ ಪಾಲಿಶಿನ ವಯಸ್ಸು ಮಾತ್ರ ಗೊತ್ತಾಗುತ್ತದೆ. ಮರದ ವಯಸ್ಸು ಬೇರೆಯೇ ಇರಬಹುದು.

ಕೊನೆಗೆ ಅಲ್ಲಾಡಿಸಿ. ಕುರ್ಚಿಯ ಬೆನ್ನು ಹಿಡಿದು ಓರೆಯಾಗಿ ತಳ್ಳಿ. ಮೇಜಿನ ಎರಡು ಎದುರು ಮೂಲೆ ಹಿಡಿದು ತಿರುಚಿ. ಸ್ವಲ್ಪ ಕಿರುಗುಟ್ಟಿದರೆ ಅಂಟು ಬಿಟ್ಟಿದೆ ಅಷ್ಟೇ. ಕಾಲಿನ ಮರವೇ ಜೋಡಣೆಯ ಹತ್ತಿರ ಸೀಳಿದ್ದರೆ ವಾಪಸ್ ಇಟ್ಟುಬಿಡಿ.

ಹಂತ 6: ಹುಳ, ತೇವ, ವಾಸನೆ

ಮರದ ಮೇಲೆ ಒಂದೆರಡು ಮಿಲಿಮೀಟರಿನ ದುಂಡು ತೂತುಗಳಿದ್ದರೆ ಅದು ಮರ ಕೊರೆಯುವ ಹುಳ ಹೊರಗೆ ಹೋದ ದಾರಿ. ಮರಿಹುಳು ಒಳಗೆ ಎರಡರಿಂದ ಐದು ವರ್ಷ ತಿನ್ನುತ್ತಾ ಇದ್ದು, ರೆಕ್ಕೆ ಬಂದ ಮೇಲೆ ತೂತು ಮಾಡಿಕೊಂಡು ಹೊರಬರುತ್ತದೆ. ಪ್ರಶ್ನೆ ಏನೆಂದರೆ, ಒಳಗೆ ಈಗಲೂ ಯಾರಾದರೂ ಇದ್ದಾರಾ? ತೂತಿನ ಒಳಗು ಕಪ್ಪಾಗಿ ಧೂಳು ತುಂಬಿದ್ದರೆ ಹಳೆ ಕತೆ. ಒಳಗೆ ಹೊಸ ಮರದ ತಿಳಿ ಬಣ್ಣ ಕಂಡರೆ, ಕೆಳಗೆ ನಯವಾದ ಪುಡಿ ಬಿದ್ದಿದ್ದರೆ ಊಟ ಇನ್ನೂ ನಡೆಯುತ್ತಿದೆ. ಅನುಮಾನ ಇದ್ದರೆ ಮನೆಗೆ ತಂದು ಬೇರೆ ಸಾಮಾನಿನಿಂದ ದೂರ ಇಟ್ಟು, ಕೆಳಗೆ ಕಪ್ಪು ಕಾಗದ ಹಾಸಿ ಕೆಲವು ವಾರ ಕಾಯಿರಿ. ಸಣ್ಣ ಸಾಮಾನಾದರೆ ಪ್ಲಾಸ್ಟಿಕ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡುವುದು ಒಳ್ಳೆಯ ಉಪಾಯ. ಮ್ಯೂಸಿಯಮ್‌ಗಳಲ್ಲೂ ತಣ್ಣಗೆ ಮಾಡಿ ಹುಳ ಕೊಲ್ಲುತ್ತಾರೆ. ದೊಡ್ಡದಕ್ಕೆ ಕೀಟ ನಿಯಂತ್ರಣದವರೇ ಬೇಕು.

ಗೆದ್ದಲು ಹೀಗೆ ತೂತು ತೋರಿಸುವುದಿಲ್ಲ. ಮೇಲಿನ ಪದರ ಹಾಗೇ ಬಿಟ್ಟು ಒಳಗೆ ತಿನ್ನುತ್ತದೆ. ಬೆರಳಿನ ಗೆಣ್ಣಿನಿಂದ ಕಾಲು, ತಳ, ಬೆನ್ನು ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದ ಕಡೆ ಉಗುರಿನಿಂದ ಒತ್ತಿ ನೋಡಿ.

ವಾಸನೆಯನ್ನು ಜನ ಲಘುವಾಗಿ ತೆಗೆದುಕೊಳ್ಳುತ್ತಾರೆ, ನಾನೂ ತೆಗೆದುಕೊಂಡಿದ್ದೆ. ಡ್ರಾಯರಿನೊಳಗೆ ಮೂಗು ತೂರಿಸಿ ನೋಡಿ. ಮುಗ್ಗಲು ವಾಸನೆ ಗಾಳಿ, ನೆರಳು, ಒಣಗುವಿಕೆಯಿಂದ ಕಡಿಮೆಯಾಗುತ್ತದೆ. ಹಠ ಹಿಡಿದರೆ ಡ್ರಾಯರಿನ ಒಳಗೆ ಶೆಲಾಕ್ ಬಳಿದರೆ ಅಡಗುತ್ತದೆ. ಆದರೆ ಸೋಫಾದ ಸ್ಪಂಜಿನಲ್ಲಿ ಸೇರಿದ ಸಿಗರೇಟಿನ, ಸಾಕುಪ್ರಾಣಿಯ ವಾಸನೆ ಹೋಗುವುದಿಲ್ಲ. ಸ್ಪಂಜು, ಬಟ್ಟೆ ಎರಡನ್ನೂ ಬದಲಿಸಬೇಕು.

ಹಂತ 7: ಅಪಾಯ ಇರುವ ಕಡೆ ಭಾವುಕರಾಗಬೇಡಿ

ಹಳೆ ಬಣ್ಣದಲ್ಲಿ ಸೀಸ ಇರಬಹುದು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಕ್ಕೆ ಸೀಸ ಬೆರೆಸುವುದನ್ನು ನಿಷೇಧಿಸಿದ್ದೇ 1978ರಲ್ಲಿ. ಸಿಪ್ಪೆ ಏಳುತ್ತಿರುವ ಹಳೆ ಬಣ್ಣವನ್ನು ಮನೆಯೊಳಗೆ ಒಣಗಿಯೇ ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಡಿ, ಧೂಳು ಮಕ್ಕಳಿಗೆ ವಿಷ. ಪರೀಕ್ಷಾ ಕಿಟ್ ಸಿಗುತ್ತದೆ.

ಹಳೆ ಮಕ್ಕಳ ಮಂಚವನ್ನು ಮಗು ಮಲಗಿಸಲು ಕೊಳ್ಳಬೇಡಿ. ಸರಳುಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದಿದ್ದರೆ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳಬಹುದು. ಪಕ್ಕ ಕೆಳಗಿಳಿಯುವ ಮಂಚಗಳನ್ನು ಅಮೆರಿಕ 2011ರಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಗೊಂಬೆ ಜೋಡಿಸಿಡಲು ಬೇಕಾದರೆ ಇಟ್ಟುಕೊಳ್ಳಿ.

ಎತ್ತರದ ಬೀರು, ಡ್ರಾಯರ್ ಪೆಟ್ಟಿಗೆಗಳನ್ನು ಗೋಡೆಗೆ ಪಟ್ಟಿ ಹಾಕಿ ಬಿಗಿಯಿರಿ. ಮಗು ಡ್ರಾಯರ್ ಎಳೆದು ಮೆಟ್ಟಿಲು ಮಾಡಿಕೊಂಡರೆ ಇಡೀ ಸಾಮಾನು ಮುಂದಕ್ಕೆ ಬೀಳುತ್ತದೆ. ಬಹಳ ಹಳೆಯ ಕನ್ನಡಿಗಳಲ್ಲಿ ತವರ ಮತ್ತು ಪಾದರಸದ ಲೇಪ ಇರುತ್ತಿತ್ತು. ಹಿಂಬದಿಯಲ್ಲಿ ಬೆಳ್ಳಿಯಂತೆ ಮಿನುಗುವ ಹನಿಗಳು ಕಂಡರೆ ಮುಟ್ಟಬೇಡಿ.

ಇನ್ನೊಂದು ಮಾತು, ದೇಶದಿಂದ ದೇಶಕ್ಕೆ ತರಿಸುವವರಿಗೆ. ಬೀಟೆ ಮರದ ಕುಲ, ಅಂದರೆ ಡಾಲ್ಬರ್ಜಿಯಾ, ಪೂರ್ತಿಯಾಗಿ 2017ರಿಂದ ಸೈಟಿಸ್, ಅಂದರೆ ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದದ ನಿಯಂತ್ರಣದಲ್ಲಿದೆ. ಬ್ರೆಜಿಲಿನ ಬೀಟೆ 1992ರಿಂದಲೇ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಕಾಗದಪತ್ರ ಮೊದಲು, ದುಡ್ಡು ಆಮೇಲೆ.

ಹಂತ 8: ಯಾವ ದೋಷ ಪರವಾಗಿಲ್ಲ, ಯಾವುದು ಬೇಡ

ಗೀರು, ಮಾಸಿದ ಪಾಲಿಶ್, ಬಿಳಿ ನೀರಿನ ಉಂಗುರ, ಸಡಿಲ ಕಾಲು, ಕಾಣೆಯಾದ ಹಿಡಿ, ಹರಿದ ಬೆತ್ತದ ನೇಯ್ಗೆ: ಇವೆಲ್ಲ ಸರಿಹೋಗುತ್ತವೆ. ಅದರಲ್ಲೂ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಹಳೆಯ ಕಾಲದ ಅಂಟಿನಿಂದ ಜೋಡಿಸಿದ ಕುರ್ಚಿ ರಿಪೇರಿಗೆ ಬಹಳ ಸುಲಭ. ಆ ಅಂಟು ಬಿಸಿ ಮತ್ತು ತೇವಕ್ಕೆ ಮೆತ್ತಗಾಗುತ್ತದೆ. ಜೋಡಣೆ ಬಿಚ್ಚಿ, ಒರೆಸಿ, ಮತ್ತೆ ಅದೇ ಅಂಟು ಹಾಕಿ ಕೂರಿಸಬಹುದು. ಈಗಿನ ಬಿಳಿ ಅಂಟನ್ನು ಅದರ ಮೇಲೇ ಸುರಿದರೆ ಹಿಡಿಯುವುದೂ ಇಲ್ಲ, ಮುಂದಿನ ರಿಪೇರಿಯೂ ಕೆಡುತ್ತದೆ.

ತಿರುಚಿಕೊಂಡ ಚೌಕಟ್ಟು, ಜೋಡಣೆಯಲ್ಲೇ ಮುರಿದ ಕಾಲು, ಜೀವಂತ ಹುಳ, ದೊಡ್ಡದಾಗಿ ಕಿತ್ತುಹೋದ ಅಪರೂಪದ ವೆನೀರ್: ಇವಕ್ಕೆ ನೀವೇ ಮರಗೆಲಸ ಬಲ್ಲವರಲ್ಲದಿದ್ದರೆ ಕೈ ಹಾಕಬೇಡಿ. ಚೌಕಾಸಿ ಮಾಡುವಾಗ ಸಾಮಾನಿನ ಬೆಲೆಯ ಜೊತೆ ರಿಪೇರಿ, ಹೊಸ ಬಟ್ಟೆ, ಸಾಗಾಟ ಮೂರನ್ನೂ ಕೂಡಿಸಿ. ಸೋಫಾಗೆ ಹೊಸ ಬಟ್ಟೆ ಹೊಲಿಸುವ ಖರ್ಚು ಎಷ್ಟೋ ಸಲ ಸೋಫಾದ ಬೆಲೆಯನ್ನೇ ಮೀರುತ್ತದೆ.

ಪಾಲಿಶ್ ಕೆರೆದು ಹೊಸದು ಮಾಡಿಸಬೇಕಾ? ಅಪರೂಪದ ಆಂಟಿಕ್ ಆದರೆ ಬೇಡವೇ ಬೇಡ. ಕೈಗಳ ಸವರುವಿಕೆ, ಬೆಳಕು, ಮೇಣ ಸೇರಿ ಬಂದ ಆ ಬಣ್ಣಕ್ಕೇ ಅದರ ಬೆಲೆ. ಕಾರ್ಖಾನೆಯಿಂದ ಸಾವಿರಗಟ್ಟಲೆ ಬಂದ 1960ರ ದಶಕದ ಸಾದಾ ಮೇಜಾದರೆ ನಿಮ್ಮಿಷ್ಟದ ಬಣ್ಣ ಬಳಿಯಿರಿ, ಯಾರೂ ಅಳುವುದಿಲ್ಲ.

ಹಂತ 9: ಹೊಸದರ ಪಕ್ಕದಲ್ಲಿ ಕೂರಿಸುವುದು

ಇಡೀ ಕೋಣೆಯನ್ನು ಒಂದೇ ಕಾಲದ ಸಾಮಾನಿನಿಂದ ತುಂಬಿಸಿದರೆ ಮನೆ ನಾಟಕದ ರಂಗಸಜ್ಜಿನಂತೆ ಕಾಣುತ್ತದೆ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ. ಒಂದು ಕೋಣೆಗೆ ಭಾರಿ ಕೆತ್ತನೆಯದ್ದು ಒಂದೇ ಇರಲಿ. ಸುತ್ತ ಇರುವುದು ಸರಳವಾಗಿರಲಿ.

ಸಣ್ಣ ಮನೆಗೆ ಎತ್ತರದ ತೆಳು ಕಾಲಿನವು ಒಳ್ಳೆಯದು. ಕೆಳಗೆ ನೆಲ ಕಂಡಷ್ಟೂ ಕೋಣೆ ದೊಡ್ಡದಾಗಿ ತೋರುತ್ತದೆ. 1945ರಿಂದ 1970ರ ನಡುವಿನ, ಮಿಡ್‌ಸೆಂಚುರಿ ಅನ್ನುವ ಶೈಲಿಯ ಸಾಮಾನು ಈಗಿನ ಮನೆಗಳಲ್ಲಿ ಸಲೀಸಾಗಿ ಹೊಂದಿಕೊಳ್ಳುವುದು ಇದೇ ಕಾರಣಕ್ಕೆ. ಹಳೆಯದೆಲ್ಲ ಭಾರ ಅಂತಲೂ ಅಲ್ಲ. ಫರ್ನಿಚರ್ ತಯಾರಕ ಮಿಖಾಯೆಲ್ ಥೋನೆಟ್ ಅವರ 14ನೇ ನಂಬರಿನ ಕುರ್ಚಿ ಬಂದದ್ದು 1859ರಲ್ಲಿ. ಆವಿಯಲ್ಲಿ ಬಗ್ಗಿಸಿದ ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್, ಅಷ್ಟೇ. ಬಿಚ್ಚಿದರೆ 36 ಕುರ್ಚಿ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ಇವತ್ತಿನ ಗಾಜಿನ ಮೇಜಿನ ಪಕ್ಕ ಇಟ್ಟರೂ ಅದು ಅಪರಿಚಿತ ಅನ್ನಿಸುವುದಿಲ್ಲ. ಅದಕ್ಕೆ ನಕಲುಗಳು ಲೆಕ್ಕವಿಲ್ಲದಷ್ಟು, ಹಾಗಾಗಿ ಆಸನದ ಕೆಳಗಿನ ಮುದ್ರೆ, ಚೀಟಿ ನೋಡದೆ ಅಸಲಿಯ ಬೆಲೆ ಕೊಡಬೇಡಿ.

ಮರದ ಬಣ್ಣ ಎಲ್ಲ ಕಡೆ ಒಂದೇ ಇರಬೇಕಿಲ್ಲ. ಕೆಂಪು ಛಾಯೆಯೋ ಹಳದಿ ಛಾಯೆಯೋ ಅನ್ನುವುದನ್ನು ಮಾತ್ರ ನೋಡಿ. ಕಡುಗೆಂಪು ಮರದ ಮೇಜು ಒಂಟಿಯಾಗಿ ಕಂಡರೆ ಅದೇ ಛಾಯೆಯ ಒಂದು ಸಣ್ಣ ಚೌಕಟ್ಟನ್ನು ಎದುರು ಗೋಡೆಗೆ ಹಾಕಿ. ಕಣ್ಣು ಎರಡನ್ನೂ ಜೋಡಿಸಿಕೊಳ್ಳುತ್ತದೆ. ಊಟದ ಮೇಜಿನ ಸುತ್ತ ಬೇರೆ ಬೇರೆ ಕುರ್ಚಿ ಇಡುವ ಆಸೆ ಇದ್ದರೆ ಆಸನದ ಎತ್ತರ ಮಾತ್ರ ಒಂದೇ ಇರಲಿ. ಇಲ್ಲವಾದರೆ ಒಬ್ಬರ ಗಲ್ಲ ತಟ್ಟೆಗೆ, ಇನ್ನೊಬ್ಬರ ಮೊಣಕಾಲು ಮೇಜಿಗೆ.

ವೈರಿಗಾಗಿ ಹಳೆ ಕಪಾಟಿನ ಬೆನ್ನಿಗೆ ತೂತು ಕೊರೆಯುವ ಮುನ್ನ ಯೋಚಿಸಿ. ಬೆನ್ನಿನ ಹಲಗೆಯನ್ನು ಮೊದಲೇ ಯಾರಾದರೂ ಪ್ಲೈವುಡ್‌ಗೆ ಬದಲಿಸಿದ್ದರೆ ಸಂಕೋಚವಿಲ್ಲದೆ ಕೊರೆಯಿರಿ. ಮೂಲ ಹಲಗೆಯಾದರೆ ಕಪಾಟನ್ನೇ ಗೋಡೆಯಿಂದ ಎರಡು ಇಂಚು ಮುಂದಕ್ಕೆ ಎಳೆದು ವೈರನ್ನು ಪಕ್ಕದಿಂದ ಬಿಡಿ.

ಹಂತ 10: ಮನೆಗೆ ಬಂದ ಮೊದಲ ತಿಂಗಳು

ಹೊಸ ಗಾಳಿಗೆ ಹೊಂದಿಕೊಳ್ಳಲು ಮರಕ್ಕೆ ಸಮಯ ಬೇಕು. ಬಿಸಿಲು ನೇರ ಬೀಳುವ ಕಡೆ, ಎಸಿ ಅಥವಾ ಹೀಟರಿನ ಎದುರು ಇಡಬೇಡಿ. ಗಾಳಿಯ ತೇವಾಂಶ 40ರಿಂದ 60 ಶೇಕಡದ ನಡುವೆ ಇದ್ದರೆ ಮರಕ್ಕೆ ಹಿತ. ತೀರಾ ಒಣಗಿದರೆ ಹಲಗೆ ಸೀಳುತ್ತದೆ, ತೇವ ಜಾಸ್ತಿಯಾದರೆ ಬೂಷ್ಟು ಬರುತ್ತದೆ.

ಒರೆಸಲು ಸ್ವಲ್ಪ ಒದ್ದೆ ಮಾಡಿ ಹಿಂಡಿದ ಬಟ್ಟೆ ಸಾಕು, ಕೂಡಲೇ ಒಣ ಬಟ್ಟೆಯಿಂದ ಒರೆಸಿ. ವರ್ಷಕ್ಕೆ ಒಂದೆರಡು ಸಲ ಮೇಣದ ಪಾಲಿಶ್ ತೆಳುವಾಗಿ ಹಚ್ಚಿ. ಸಿಲಿಕೋನ್ ಇರುವ ಸ್ಪ್ರೇ ಬೇಡ, ಮುಂದೆ ಯಾವತ್ತಾದರೂ ಪಾಲಿಶ್ ಮಾಡಿಸುವಾಗ ಹೊಸ ಪದರ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಅರಗಿನ ಪಾಲಿಶ್ ಇರುವ ಮೇಜಿನ ಮೇಲೆ ಬಿಸಿ ಪಾತ್ರೆ, ಸ್ಯಾನಿಟೈಸರ್ ಎರಡನ್ನೂ ಇಡಬೇಡಿ. ಸ್ಯಾನಿಟೈಸರಿನಲ್ಲಿರುವ ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ.

ಡ್ರಾಯರ್ ಎಳೆಯುವಾಗ ಸಿಕ್ಕಿಕೊಳ್ಳುತ್ತಿದ್ದರೆ ತಕ್ಷಣ ಕೀಸಲು ಹೋಗಬೇಡಿ. ಮಳೆಗಾಲದಲ್ಲಿ ಉಬ್ಬಿದ್ದು ಒಣಹವೆಯಲ್ಲಿ ತಾನೇ ಸರಿಹೋಗುತ್ತದೆ. ಅಲ್ಲಿಯವರೆಗೆ ಡ್ರಾಯರ್ ಹೊರಗೆ ತೆಗೆದು, ಕೆಳಗಿನ ಎರಡು ಅಂಚಿಗೂ ಒಳಗಿನ ಪಟ್ಟಿಗೂ ಒಂದು ತುಂಡು ಮೇಣದ ಬತ್ತಿ ಚೆನ್ನಾಗಿ ಉಜ್ಜಿ. ನಾಲ್ಕೈದು ಸಲ ಎಳೆದು ಮುಚ್ಚಿದರೆ ಒಂದೇ ಬೆರಳಿಗೆ ಸರಿಯುತ್ತದೆ.